ಸ್ವಿಚ್ ಒತ್ತಿದರೂ ಆನ್ ಆಗದ ಎಕ್ಸ್‌ಟೆನ್ಶನ್: ಉಬುಂಟು 24.04ಕ್ಕೆ ಬಂದ ಮೇಲಿನ ಎರಡು ದಿನ

ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಉಬುಂಟು ಅನ್ನುವ ಲಿನಕ್ಸ್ ವ್ಯವಸ್ಥೆ. ಅದರಲ್ಲಿ ಕನ್ನಡ ಕೀಬೋರ್ಡ್ ಇದ್ದಾಗ ಪರದೆಯ ಮೇಲಿನ ಪಟ್ಟಿ ಕೆಂಪಾಗಬೇಕು. ಇಂಗ್ಲಿಷ್ ಇದ್ದಾಗ ಎಂದಿನ ಕಪ್ಪು. ಇಷ್ಟೇ ನನಗೆ ಬೇಕಿರೋದು, ಆದರೆ ಇದು ಇಲ್ಲದೆ ನನ್ನ ಕೆಲಸ ಸಾಗುವುದಿಲ್ಲ.

ನಾನು ಮೈಸೂರಿನಲ್ಲಿ ಮನೆಯಿಂದಲೇ ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನವಿಡೀ ಕನ್ನಡ, ನಡುನಡುವೆ ಇಂಗ್ಲಿಷ್. ಬಳಸೋದು ಕನ್ನಡ ಗಣಕ ಪರಿಷತ್ತಿನ ಕಗಪ ಕೀಬೋರ್ಡ್ ವಿನ್ಯಾಸ. ಸೂಪರ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬದಲಾಗಿದೆ ಅಂತ ತೋರಿಸಲು ಮೇಲೆ ಬಲಗಡೆ ಎರಡೇ ಅಕ್ಷರದ ಒಂದು ಪುಟ್ಟ ಗುರುತು ಇರುತ್ತದೆ. ನನಗೀಗ ಐವತ್ತೆರಡು, ಕಣ್ಣು ಮೊದಲಿನ ಹಾಗಿಲ್ಲ, ಪುಟದ ಮೇಲೆ ನೋಟ ಇಟ್ಟು ಟೈಪ್ ಮಾಡುವಾಗ ಆ ಗುರುತು ಕಾಣೋದೇ ಇಲ್ಲ. ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್‌ನಲ್ಲಿ ಎಲ್, ಎಸ್ ಅಂತ ಒತ್ತಿದರೆ 'ಲಸ' ಅಂತ ಬರುತ್ತದೆ. ಎಸ್, ಯು, ಡಿ, ಓ ಅಂತ ಒತ್ತಿದರೆ 'ಸುದೊ'. ಅಳಿಸು, ಭಾಷೆ ಬದಲಿಸು, ಮತ್ತೆ ಒತ್ತು. ದಿನಕ್ಕೆ ಐವತ್ತು ಸಲ ಹೀಗಾದರೆ ಕೈ ಸೋಲುತ್ತದೆ.

ಇದನ್ನು ನೋಡಿದ ಚಿಕ್ಕಮ್ಮನ ಮಗ 2022ರಲ್ಲಿ ನನಗಾಗಿಯೇ ಒಂದು ಸಣ್ಣ ಗ್ನೋಮ್ ಎಕ್ಸ್‌ಟೆನ್ಶನ್ ಬರೆದುಕೊಟ್ಟಿದ್ದ. ಗ್ನೋಮ್ ಅಂದರೆ ಉಬುಂಟುವಿನ ಡೆಸ್ಕ್‌ಟಾಪ್, ಎಕ್ಸ್‌ಟೆನ್ಶನ್ ಅಂದರೆ ಅದಕ್ಕೆ ಜೋಡಿಸುವ ಪುಟ್ಟ ಸೇರ್ಪಡೆ. ನೂರು ಸಾಲೂ ಇಲ್ಲ. ಭಾಷೆ ಬದಲಾಯಿತು ಅಂತ ಗ್ನೋಮ್ ಶೆಲ್ (ಮೇಲಿನ ಪಟ್ಟಿ, ಕಿಟಕಿಗಳನ್ನೆಲ್ಲ ನಡೆಸುವ ಮುಖ್ಯ ಪ್ರೋಗ್ರಾಂ) ಕೂಗಿ ಹೇಳುತ್ತದಲ್ಲ, ಅದನ್ನು ಕೇಳಿಸಿಕೊಂಡು ಈಗಿನ ಕೀಬೋರ್ಡಿನ ಗುರುತು 'ಇನ್ ಪ್ಲಸ್ ಕನ್ ಹೈಫನ್ ಕಗಪ' ಇದೆಯಾ ಅಂತ ನೋಡುತ್ತದೆ. ಇದ್ದರೆ ಪಟ್ಟಿಗೆ ಕೆಂಪು ಹಚ್ಚಿ, ಪಕ್ಕದಲ್ಲಿ ದೊಡ್ಡದಾಗಿ 'ಕ' ಅಂತ ಬರೆಯುತ್ತದೆ. ಕಣ್ಣಂಚಿಗೆ ಆ ಕೆಂಪು ಬಿದ್ದರೆ ಸಾಕು. ಎರಡು ವರ್ಷ ಒಂದು ದಿನವೂ ಕೈಕೊಡಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಉಬುಂಟು 22.04ರಿಂದ 24.04ಕ್ಕೆ ಹೋದೆ. ಶುಕ್ರವಾರ ರಾತ್ರಿ ಊಟ ಆದ ಮೇಲೆ ಶುರು ಮಾಡಿದೆ, ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಮೊದಲ ಸಲ ಲಾಗಿನ್ ಆದಾಗ ಪರದೆ ಕಪ್ಪಾಯಿತು, ಮತ್ತೆ ಪಾಸ್‌ವರ್ಡ್ ಕೇಳಿತು. ಎರಡನೇ ಸಲ ಸರಿಯಾಗಿ ಒಳಗೆ ಬಂತು. ಆ ಕಪ್ಪು ಪರದೆಗೆ ಆಗ ನಾನು ಗಮನ ಕೊಡಲಿಲ್ಲ. ಮಲಗಿದೆ.

ಶನಿವಾರ ಬೆಳಿಗ್ಗೆ ಪಟ್ಟಿ ಕೆಂಪಾಗಲಿಲ್ಲ.

ಎಕ್ಸ್‌ಟೆನ್ಶನ್‌ಗಳನ್ನು ಹಾಕಲು, ಆನ್ ಆಫ್ ಮಾಡಲು ಇರುವ ಎಕ್ಸ್‌ಟೆನ್ಶನ್ ಮ್ಯಾನೇಜರ್ ಅನ್ನುವ ಆ್ಯಪ್ ತೆರೆದೆ. ನಮ್ಮದೂ ಸೇರಿ ನಾನು ಹಾಕಿಕೊಂಡ ನಾಲ್ಕೂ ಹೆಸರು ಅಲ್ಲಿದ್ದವು, ಆದರೆ ಎಲ್ಲ ಮಂಕಾಗಿದ್ದವು. ಸ್ವಿಚ್ ಒತ್ತಿದರೆ ಅಲುಗಾಡಲೇ ಇಲ್ಲ. ಎಡಗಡೆಯ ಡಾಕ್ (ಆ್ಯಪ್‌ಗಳ ಚಿತ್ರಗಳ ಸಾಲು) ಮಾತ್ರ ಎಂದಿನಂತೆ ಇತ್ತು. ಉಬುಂಟುವಿನ ಡಾಕ್ ಕೂಡ ಒಂದು ಎಕ್ಸ್‌ಟೆನ್ಶನ್ನೇ ಅಂತ ನನಗೆ ಗೊತ್ತಿತ್ತು. ಹಾಗಾಗಿ ಎಕ್ಸ್‌ಟೆನ್ಶನ್ ವ್ಯವಸ್ಥೆ ನೆಟ್ಟಗಿದೆ, ನಮ್ಮವು ನಾಲ್ಕೇ ಕೆಟ್ಟಿವೆ ಅಂದುಕೊಂಡೆ. ಈ ತಪ್ಪು ಲೆಕ್ಕದಿಂದ ಇಡೀ ಬೆಳಿಗ್ಗೆ ಹೋಯಿತು.

ಮೊದಲು ಒಂದನ್ನು ತೆಗೆದು ಮತ್ತೆ ಹಾಕಿದೆ. ಮಂಕೇ. ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ ತಾಣಕ್ಕೆ ಹೋಗಿ ಅಲ್ಲಿನ ಸ್ವಿಚ್ ಒತ್ತಲು ನೋಡಿದೆ, ಅದು ಕನೆಕ್ಟರ್ ಸಿಗುತ್ತಿಲ್ಲ ಅಂತು. ಬ್ರೌಸರ್ ಮತ್ತು ಡೆಸ್ಕ್‌ಟಾಪ್ ನಡುವೆ ಮಾತು ಸಾಗಿಸಲು ಬೇರೆಯೇ ಒಂದು ಪ್ಯಾಕೇಜ್ ಬೇಕು, ಗ್ನೋಮ್ ಬ್ರೌಸರ್ ಕನೆಕ್ಟರ್ ಅಂತ. ಆ ದಾರಿ ಅಲ್ಲಿಗೇ ಬಿಟ್ಟೆ. ಎಕ್ಸ್‌ಟೆನ್ಶನ್ ಮ್ಯಾನೇಜರ್ ಇದ್ದಮೇಲೆ ಬ್ರೌಸರ್ ಬೇಕಾಗಿಯೇ ಇಲ್ಲ.

ಆಮೇಲೆ ಮಾಡಿದ್ದು ನಿಜವಾದ ತಪ್ಪು. ಎಲ್ಲೋ ಓದಿದ ನೆನಪಿನಿಂದ, ಗ್ನೋಮ್‌ನ ಸೆಟ್ಟಿಂಗ್‌ಗಳನ್ನು ಓದುವ, ಬದಲಿಸುವ ಜಿಸೆಟ್ಟಿಂಗ್ಸ್ ಆಜ್ಞೆಯನ್ನು 'ಸೆಟ್' ಅಂತ ಕೊಟ್ಟು, ಆನ್ ಇರಬೇಕಾದ ಎಕ್ಸ್‌ಟೆನ್ಶನ್‌ಗಳ ಪಟ್ಟಿಗೆ ನಮ್ಮದರ ಹೆಸರನ್ನು ಕೈಯಾರೆ ಬರೆದೆ. ಸೆಟ್ ಅಂದರೆ ಸೇರಿಸು ಅಂತ ಅಲ್ಲ, ಇದ್ದದ್ದನ್ನು ತೆಗೆದು ಇದನ್ನು ಇಡು ಅಂತ. ನಾನು ಬರೆದ ಒಂದೇ ಹೆಸರು ಉಳಿದು, ಉಳಿದ ಮೂರೂ ಪಟ್ಟಿಯಿಂದ ಹೋದವು. ಹೀಗೆ ಬರೆಯುವ ಮುನ್ನ 'ಗೆಟ್' ಕೊಟ್ಟು ಹಳೆಯ ಪಟ್ಟಿಯನ್ನು ಎಲ್ಲಾದರೂ ನಕಲು ಮಾಡಿಟ್ಟುಕೊಳ್ಳಿ. ದಯವಿಟ್ಟು.

ಹನ್ನೆರಡಕ್ಕೆ, ಎಕ್ಸ್‌ಟೆನ್ಶನ್ ಬರೆದುಕೊಟ್ಟ ಅದೇ ತಮ್ಮನಿಗೆ ಫೋನ್ ಮಾಡಿದೆ. ಅವನು ಇರೋದು ಹುಬ್ಬಳ್ಳಿಯಲ್ಲಿ.

"ಅಕ್ಕ, ಏನೂ ಅಳಿಸಬೇಡ, ಏನೂ ಹೊಸದಾಗಿ ಹಾಕಬೇಡ. ಮೊದಲು ಅದು ಏನು ಹೇಳ್ತಿದೆ ಅಂತ ಓದು," ಅಂದ.

"ಏನೂ ಹೇಳ್ತಿಲ್ವಲ್ಲೋ, ಸ್ವಿಚ್ಚೇ ಅಲುಗಾಡ್ತಿಲ್ಲ."

"ಸ್ವಿಚ್ ಹೇಳಲ್ಲ. ಟರ್ಮಿನಲ್ ತೆಗಿ, ಬರ್ಕೋ."

ಹಾಗಾಗಿ ಆಜ್ಞೆಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಇವೆ, ಅವನು ಉಚ್ಚರಿಸಿದ ಹಾಗೆ. ಇಲ್ಲಿಯೂ ಹಾಗೆಯೇ ಕೊಡುತ್ತಿದ್ದೇನೆ.

ಮೊದಲನೆಯದು: 'ಜಿಸೆಟ್ಟಿಂಗ್ಸ್ ಗೆಟ್ ಆರ್ಗ್ ಡಾಟ್ ಗ್ನೋಮ್ ಡಾಟ್ ಶೆಲ್, ಸ್ಪೇಸ್, ಡಿಸೇಬಲ್ ಹೈಫನ್ ಯೂಸರ್ ಹೈಫನ್ ಎಕ್ಸ್‌ಟೆನ್ಶನ್ಸ್'. ಉತ್ತರ 'ಟ್ರೂ' ಅಂತ ಬಂತು.

ಅಂದರೆ ಬಳಕೆದಾರರು ಹಾಕಿಕೊಂಡ ಎಲ್ಲ ಎಕ್ಸ್‌ಟೆನ್ಶನ್‌ಗಳಿಗೂ ಒಂದು ದೊಡ್ಡ ಮೇನ್ ಸ್ವಿಚ್ ಇದೆ, ಅದೇ ಆಫ್ ಆಗಿದೆ. ನಾನಂತೂ ಮಾಡಿರಲಿಲ್ಲ. ಯಾರು ಮಾಡಿದರು ಅಂತ ಕೇಳಿದಾಗ ಅವನು ರಾತ್ರಿ ಲಾಗಿನ್ ಆದಾಗ ಏನಾಯಿತು ಅಂತ ವಾಪಸ್ ಕೇಳಿದ. ಆ ಕಪ್ಪು ಪರದೆಯ ವಿಷಯ ಹೇಳಿದೆ. ಅಲ್ಲಿ ಸಿಕ್ಕಿತು ಎಳೆ. ಲಾಗಿನ್ ಆಗುತ್ತಿದ್ದಂತೆಯೇ ಗ್ನೋಮ್ ಶೆಲ್ ಬಿದ್ದುಹೋದರೆ, ಕಾರಣ ಯಾವುದೋ ಎಕ್ಸ್‌ಟೆನ್ಶನ್ ಇರಬಹುದು ಅಂತ ಊಹಿಸಿ, ಹಿನ್ನೆಲೆಯ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಒಂದು ಸಣ್ಣ ಸರ್ವಿಸ್ ಆ ಮೇನ್ ಸ್ವಿಚ್ಚನ್ನು ಆಫ್ ಮಾಡುತ್ತದೆ. ಇಲ್ಲದಿದ್ದರೆ ಕೆಟ್ಟ ಎಕ್ಸ್‌ಟೆನ್ಶನ್ ಇರುವವರು ಎಷ್ಟು ಸಲ ಲಾಗಿನ್ ಆದರೂ ಹೊರಗೇ ಬೀಳುತ್ತಿರಬೇಕಾಗುತ್ತದೆ. ಒಳ್ಳೆಯ ಏರ್ಪಾಟು. ಆದರೆ ಆಫ್ ಮಾಡಿದ್ದನ್ನು ಅದು ತಾನಾಗಿ ಮತ್ತೆ ಆನ್ ಮಾಡುವುದಿಲ್ಲ.

ಮತ್ತೆ ಡಾಕ್ ಹೇಗೆ ಉಳಿದುಕೊಂಡಿತು? ಡಾಕ್ ಅನ್ನು ಉಬುಂಟು ತನ್ನ ಸೆಶನ್ ಜೊತೆಗೇ ಕಟ್ಟಿ ಕೊಡುತ್ತದೆ. ಅಂಥವಕ್ಕೆ ಈ ಮೇನ್ ಸ್ವಿಚ್ ತಾಗೋದಿಲ್ಲ. ಡಾಕ್ ಕಾಣುತ್ತಿದೆ ಅಂತ ಎಕ್ಸ್‌ಟೆನ್ಶನ್‌ಗಳೆಲ್ಲ ಆನ್ ಇವೆ ಅಂದುಕೊಳ್ಳಬಾರದು. ಎಕ್ಸ್‌ಟೆನ್ಶನ್ ಮ್ಯಾನೇಜರ್‌ನಲ್ಲಿಯೂ ಮೇಲ್ಗಡೆ 'ಯೂಸ್ ಎಕ್ಸ್‌ಟೆನ್ಶನ್ಸ್' ಅಂತ ಅದೇ ಮೇನ್ ಸ್ವಿಚ್ ಇದೆ. ನಾನು ಕೆಳಗಿನ ಹೆಸರುಗಳನ್ನೇ ನೋಡುತ್ತಿದ್ದೆ, ಮೇಲೆ ನೋಡಿರಲಿಲ್ಲ.

ಅದನ್ನು ಆನ್ ಮಾಡಿದ ತಕ್ಷಣ ಮಂಕು ಹೋಯಿತು. ಕ್ಲಿಪ್‌ಬೋರ್ಡ್ ನೆನಪಿಡುವ ಎಕ್ಸ್‌ಟೆನ್ಶನ್ ಸ್ವಿಚ್ ಒತ್ತಿದಾಗ ಎದ್ದು ಬಂತು. ಇನ್ನೊಂದು ಆಗ ಬರಲಿಲ್ಲ, ಒಮ್ಮೆ ಲಾಗೌಟ್ ಆಗಿ ಬಂದ ಮೇಲೆ ತಾನಾಗಿ ಬಂತು. ತಾಣದಿಂದ ಹಾಕಿಕೊಂಡ ಎಕ್ಸ್‌ಟೆನ್ಶನ್‌ಗೆ ಹೊಸ ಆವೃತ್ತಿ ಇದ್ದರೆ ಶೆಲ್ ಅದನ್ನು ಹಿನ್ನೆಲೆಯಲ್ಲಿ ಇಳಿಸಿಕೊಂಡು ಒಂದು ಕಡೆ ಇಟ್ಟಿರುತ್ತದೆ, ಮುಂದಿನ ಲಾಗಿನ್ ಹೊತ್ತಿಗೆ ಅದನ್ನು ಜಾಗಕ್ಕೆ ಕೂರಿಸುತ್ತದೆ. ಹಾಗಾಗಿ ಅಪ್‌ಗ್ರೇಡ್ ಆದ ಮೇಲೆ ಎರಡು ಸಲ ಲಾಗೌಟ್ ಆಗಿ ನೋಡದೆ ಯಾವುದನ್ನೂ ಅಳಿಸಬೇಡಿ.

ಉಳಿದದ್ದು ಎರಡು. ಒಂದು ನಮ್ಮ ಕೆಂಪು ಪಟ್ಟಿ. ಇನ್ನೊಂದು, ಕಿಟಕಿಗಳನ್ನು ಪರದೆಯ ಮೂಲೆಗಳಿಗೆ ಹೊಂದಿಸುವ ಒಂದು ಹಳೆಯ ಎಕ್ಸ್‌ಟೆನ್ಶನ್.

ನಮ್ಮದಂತೂ ಹೆಸರು ಪಟ್ಟಿಯಲ್ಲಿದೆ ಅಂತ ಜಿಸೆಟ್ಟಿಂಗ್ಸ್ ತೋರಿಸುತ್ತಿದೆ, ಆದರೂ ಆಫ್. ತಮ್ಮ ಇನ್ನೊಂದು ಪಟ್ಟಿ ನೋಡು ಅಂದ. ಆನ್ ಆಗಿರಬೇಕಾದವುಗಳಿಗೆ ಒಂದು ಪಟ್ಟಿ ಇದ್ದಂತೆ ಆಫ್ ಆಗಿರಬೇಕಾದವುಗಳಿಗೂ ಒಂದು ಪಟ್ಟಿ ಇದೆ, 'ಡಿಸೇಬಲ್ಡ್ ಹೈಫನ್ ಎಕ್ಸ್‌ಟೆನ್ಶನ್ಸ್' ಅಂತ. ಎರಡರಲ್ಲೂ ಒಂದೇ ಹೆಸರು ಇದ್ದರೆ ಆಫ್ ಪಟ್ಟಿಯದ್ದೇ ಮಾತು ನಡೆಯುತ್ತದೆ. ಹೇಗೋ ನಮ್ಮದರ ಹೆಸರು ಅಲ್ಲೂ ಸೇರಿತ್ತು. ಬೆಳಿಗ್ಗೆ ನಾನು ಕೈಯಾರೆ ಬರೆದದ್ದು ಒಂದು ಪಟ್ಟಿಯಲ್ಲಿ ಮಾತ್ರ. ಸ್ವಿಚ್ ಒತ್ತಿದರೆ ಅಥವಾ 'ಗ್ನೋಮ್ ಹೈಫನ್ ಎಕ್ಸ್‌ಟೆನ್ಶನ್ಸ್ ಎನೇಬಲ್' ಅಂತ ಕೊಟ್ಟರೆ ಅದೇ ಎರಡೂ ಪಟ್ಟಿಗಳನ್ನು ತಿದ್ದುತ್ತದೆ. ಪಟ್ಟಿಗೆ ನೇರ ಕೈ ಹಾಕಬಾರದು ಅಂತ ಅವನು ಹೇಳಿದ್ದು ಇದಕ್ಕೇ.

ಎನೇಬಲ್ ಕೊಟ್ಟೆ. ಏನೂ ಬೈಯಲಿಲ್ಲ, ಪರದೆಯ ಮೇಲಿನ ಪಟ್ಟಿ ಕೆಂಪೂ ಆಗಲಿಲ್ಲ.

ಆಗ ಅವನು ಹೇಳಿಕೊಟ್ಟದ್ದು, ಈ ಎರಡು ದಿನದಲ್ಲಿ ನನಗೆ ಸಿಕ್ಕ ಅತಿ ಬೆಲೆಯ ಆಜ್ಞೆ: 'ಗ್ನೋಮ್ ಹೈಫನ್ ಎಕ್ಸ್‌ಟೆನ್ಶನ್ಸ್ ಇನ್‌ಫೋ', ಮುಂದೆ ಎಕ್ಸ್‌ಟೆನ್ಶನ್ನಿನ ಉದ್ದ ಹೆಸರು, ಮಧ್ಯೆ ಆ್ಯಟ್ ಗುರುತು ಇರುವಂಥದ್ದು. ಆ ಹೆಸರು ಗೊತ್ತಿಲ್ಲದಿದ್ದರೆ 'ಇನ್‌ಫೋ' ಬದಲು 'ಲಿಸ್ಟ್' ಕೊಡಿ, ಎಲ್ಲ ಬರುತ್ತವೆ. ಇನ್‌ಫೋ ಕೊಟ್ಟಾಗ ಎರಡು ಸಾಲು ನೋಡಬೇಕು. ಒಂದು 'ಎನೇಬಲ್ಡ್', ಇನ್ನೊಂದು 'ಸ್ಟೇಟ್'. ಇವೆರಡೂ ಬೇರೆ ಬೇರೆ. ಎನೇಬಲ್ಡ್ ಅನ್ನೋದು ನಾವು ಏನು ಕೇಳಿದ್ದೇವೆ ಅನ್ನೋದು, ಸ್ಟೇಟ್ ಅನ್ನೋದು ಶೆಲ್ ಏನು ಮಾಡಿದೆ ಅನ್ನೋದು. ನನ್ನದರಲ್ಲಿ ಎನೇಬಲ್ಡ್ ಎದುರು 'ಯೆಸ್' ಇತ್ತು, ಸ್ಟೇಟ್ ಎದುರು 'ಔಟ್ ಆಫ್ ಡೇಟ್'.

ಸ್ವಿಚ್ಚಿನಲ್ಲಿ ಕಾಣದ್ದು ಇಲ್ಲಿ ಒಂದೇ ಪದದಲ್ಲಿ ಕಾಣಿಸಿತು. ನಾನು ಕೇಳಿದ್ದೇನೆ, ಅದು ಒಪ್ಪಿಲ್ಲ.

ಪ್ರತಿ ಎಕ್ಸ್‌ಟೆನ್ಶನ್ ಫೋಲ್ಡರ್‌ನಲ್ಲೂ ಮೆಟಾಡೇಟಾ ಡಾಟ್ ಜೆಸನ್ ಅಂತ ಒಂದು ಪುಟ್ಟ ಫೈಲ್ ಇರುತ್ತದೆ. ಅದರಲ್ಲಿ 'ಶೆಲ್ ಹೈಫನ್ ವರ್ಶನ್' ಅನ್ನುವ ಸಾಲಿನಲ್ಲಿ ಇದು ಯಾವ ಯಾವ ಗ್ನೋಮ್‌ಗೆ ಆಗುತ್ತದೆ ಅಂತ ಬರೆದಿರುತ್ತಾರೆ. ನಮ್ಮದರಲ್ಲಿ ಇದ್ದದ್ದು 42 ಮಾತ್ರ. ಉಬುಂಟು 22.04ರಲ್ಲಿ ಇದ್ದದ್ದು ಗ್ನೋಮ್ 42, 24.04ರಲ್ಲಿ ಇರೋದು 46. ಒಂದೇ ಅಪ್‌ಗ್ರೇಡ್‌ನಲ್ಲಿ ನಾಲ್ಕು ಮೆಟ್ಟಿಲು ಹಾರಿಬಿಟ್ಟಿದ್ದೇವೆ.

46 ಸೇರಿಸಿದರೆ ಆಗಲ್ವಾ ಅಂತ ಕೇಳಿದೆ. ಸೇರಿಸು, ಆದರೆ ಅಷ್ಟರಲ್ಲೇ ಮುಗಿಯೋದಿಲ್ಲ ಅಂದ. ಆವೃತ್ತಿ ನೋಡಲೇಬೇಡ ಅಂತ ಶೆಲ್‌ಗೆ ಹೇಳುವ ಇನ್ನೊಂದು ಸೆಟ್ಟಿಂಗ್ ಕೂಡ ಇದೆ, ಅದನ್ನು ಮುಟ್ಟಬೇಡ ಅಂತಲೂ ಅಂದ. ಅದನ್ನು ಒತ್ತಿದರೆ ಒಂದಕ್ಕಲ್ಲ, ಎಲ್ಲ ಹಳೆಯ ಎಕ್ಸ್‌ಟೆನ್ಶನ್‌ಗಳಿಗೂ ಬಾಗಿಲು ತೆರೆದ ಹಾಗೆ.

ಫೈಲ್ ತೆರೆದು 46 ಸೇರಿಸಿದೆ, ಲಾಗೌಟ್ ಆಗಿ ಬಂದೆ. ಈಗ ನಮ್ಮ ಎಕ್ಸ್‌ಟೆನ್ಶನ್ ಲಿಸ್ಟ್‌ನಲ್ಲೇ ಇಲ್ಲ! ಫೋಲ್ಡರ್ ಜಾಗದಲ್ಲೇ ಇದೆ, ಹೆಸರು ಮಾಯ. ಎದೆ ಧಸಕ್ ಅಂತು. ತಮ್ಮ ಆಗಲೇ ಫೋನ್ ಇಟ್ಟು ಊಟಕ್ಕೆ ಹೋಗಿದ್ದ. ಒಬ್ಬಳೇ ಕೂತು ಫೈಲನ್ನು ಕರಡು ಓದುವ ಹಾಗೆ ಅಕ್ಷರ ಅಕ್ಷರ ಓದಿದೆ. 42ರ ಉದ್ಧರಣ ಚಿಹ್ನೆ ಮುಗಿದ ಮೇಲೆ, 46ರದ್ದು ಶುರುವಾಗುವ ಮುನ್ನ, ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಜೆಸನ್ ಫೈಲಿನಲ್ಲಿ ಒಂದು ಚಿಹ್ನೆ ತಪ್ಪಿದರೂ ಶೆಲ್‌ಗೆ ಆ ಫೈಲ್ ಓದಲಾಗುವುದಿಲ್ಲ, ಓದಲಾಗದ್ದು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಲ್ಪವಿರಾಮ ಹಾಕಿದೆ, ಮತ್ತೆ ಲಾಗೌಟ್, ಮತ್ತೆ ಲಾಗಿನ್. ಹೆಸರು ವಾಪಸ್ ಬಂತು.

ಈ ಲಾಗೌಟ್ ಬಗ್ಗೆ ಒಂದು ಮಾತು. ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆಗಳಲ್ಲಿ ಹಳೆಯದು ಎಕ್ಸ್ ಇಲೆವೆನ್, ಹೊಸದು ವೇಲ್ಯಾಂಡ್. ಹಳೆಯ ಎಕ್ಸ್ ಇಲೆವೆನ್ ಸೆಶನ್ನಿನಲ್ಲಿ ಆಲ್ಟ್ ಮತ್ತು ಎಫ್2 ಒತ್ತಿ, ಆರ್ ಅಂತ ಕೊಟ್ಟರೆ ಶೆಲ್ ಇದ್ದಲ್ಲೇ ಮತ್ತೆ ಶುರುವಾಗುತ್ತಿತ್ತು. ವೇಲ್ಯಾಂಡ್‌ನಲ್ಲಿ ಅದು ಆಗೋದಿಲ್ಲ, ಏಕೆಂದರೆ ಅಲ್ಲಿ ಶೆಲ್ ನಿಂತರೆ ಅದರ ಮೇಲೆ ನಡೆಯುವ ಎಲ್ಲ ಕಿಟಕಿಗಳೂ ನಿಲ್ಲುತ್ತವೆ. ಕೋಡ್ ತಿದ್ದಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಆಗೋದಿಲ್ಲ. ಒಮ್ಮೆ ಓದಿದ ಕೋಡನ್ನೇ ಶೆಲ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ, ಫೈಲಿಗೆ ಮತ್ತೆ ಹೋಗುವುದೇ ಇಲ್ಲ. ಇದು ಗೊತ್ತಿಲ್ಲದೆ ಮಧ್ಯಾಹ್ನ ಮುಕ್ಕಾಲು ಗಂಟೆ ಕಳೆದೆ. ಸರಿಯಾಗಿ ತಿದ್ದಿದ್ದನ್ನೂ ತಪ್ಪು ಅಂದುಕೊಂಡು ಮತ್ತೆ ಕೆಡಿಸುತ್ತಿದ್ದೆ.

ಸಂಜೆ ಅವನು ಒಂದು ಉಪಾಯ ಹೇಳಿದ. 'ಡಿಬಸ್ ಹೈಫನ್ ರನ್ ಹೈಫನ್ ಸೆಶನ್, ಸ್ಪೇಸ್, ಎರಡು ಹೈಫನ್, ಸ್ಪೇಸ್, ಗ್ನೋಮ್ ಹೈಫನ್ ಶೆಲ್, ಸ್ಪೇಸ್, ಎರಡು ಹೈಫನ್ ನೆಸ್ಟೆಡ್, ಸ್ಪೇಸ್, ಎರಡು ಹೈಫನ್ ವೇಲ್ಯಾಂಡ್'. 24.04ರಲ್ಲಿ ಇದನ್ನು ಕೊಟ್ಟರೆ ಒಂದು ಕಿಟಕಿಯ ಒಳಗೇ ಇನ್ನೊಂದು ಪುಟ್ಟ ಡೆಸ್ಕ್‌ಟಾಪ್ ತೆರೆಯುತ್ತದೆ. ಅದಕ್ಕೆ ಅದರದ್ದೇ ಮೇಲಿನ ಪಟ್ಟಿ, ಅದರದ್ದೇ ಎಕ್ಸ್‌ಟೆನ್ಶನ್‌ಗಳು. ಕೋಡ್ ತಿದ್ದು, ಆ ಕಿಟಕಿ ಮುಚ್ಚು, ಮತ್ತೆ ತೆರೆ. ಲಾಗೌಟ್ ಬೇಡ. ಮೊದಲೇ ಗೊತ್ತಿದ್ದರೆ ಇಡೀ ಶನಿವಾರ ಉಳಿಯುತ್ತಿತ್ತು.

ಇನ್‌ಫೋ ಈಗ ಬೇರೆ ಪದ ತೋರಿಸುತ್ತಿತ್ತು. 'ಔಟ್ ಆಫ್ ಡೇಟ್' ಹೋಗಿ 'ಎರರ್' ಬಂದಿತ್ತು. ಮೊದಲ ಬಾಗಿಲು ದಾಟಿದ್ದೇವೆ, ಒಳಗೆ ಹೋಗಿ ಎಡವಿದೆ.

ಎಡವಿದ್ದು ಎಲ್ಲಿ ಅಂತ ನೋಡಲು ಲಾಗ್, ಅಂದರೆ ಶೆಲ್ ಬರೆದಿಡುವ ದಾಖಲೆ: 'ಜರ್ನಲ್ ಸಿಟಿಎಲ್, ಸ್ಪೇಸ್, ಹೈಫನ್ ಎಫ್, ಸ್ಪೇಸ್, ಹೈಫನ್ ಓ, ಸ್ಪೇಸ್, ಕ್ಯಾಟ್, ಸ್ಪೇಸ್, ಸ್ಲ್ಯಾಶ್ ಯುಎಸ್‌ಆರ್ ಸ್ಲ್ಯಾಶ್ ಬಿನ್ ಸ್ಲ್ಯಾಶ್ ಗ್ನೋಮ್ ಹೈಫನ್ ಶೆಲ್'. ಇದನ್ನು ಒಂದು ಕಿಟಕಿಯಲ್ಲಿ ತೆರೆದಿಟ್ಟರೆ ಶೆಲ್ ಗೊಣಗೋದೆಲ್ಲ ಸಾಲುಸಾಲಾಗಿ ಬರುತ್ತಿರುತ್ತದೆ. ನಮಗೆ ಬೇಕಿರೋದು ನಮ್ಮ ಎಕ್ಸ್‌ಟೆನ್ಶನ್ ಹೆಸರಿರುವ ಸಾಲು. ಅದರ ಕೆಳಗಿನ ಸಾಲುಗಳಲ್ಲಿ ಫೈಲಿನ ಹೆಸರು, ಕೋಲನ್, ಆಮೇಲೆ ಸಾಲಿನ ಸಂಖ್ಯೆ. ಅಷ್ಟು ಸಿಕ್ಕರೆ ಸಾಕು. ನನಗೆ ಜಾವಾಸ್ಕ್ರಿಪ್ಟ್ ಬರೋದಿಲ್ಲ, ಆದರೂ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತ ಹೇಳುವ ಕಾಗದವನ್ನು ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ.

ಅಲ್ಲೊಂದು ಬೇರೆ ದೂರೂ ಇತ್ತು. ಶುರುವಿನಲ್ಲಿ ನಾನು ಭದ್ರಕ್ಕಿರಲಿ ಅಂತ ನಮ್ಮ ಫೋಲ್ಡರ್‌ನ ಒಂದು ನಕಲನ್ನು, ಹೆಸರಿನ ಕೊನೆಗೆ 'ಹಳೆ' ಅಂತ ಸೇರಿಸಿ, ಅದೇ ಜಾಗದಲ್ಲಿ ಇಟ್ಟಿದ್ದೆ. ಒಳಗಿನ ಮೆಟಾಡೇಟಾದಲ್ಲಿರುವ ಗುರುತಿನ ಹೆಸರಿಗೂ ಫೋಲ್ಡರ್ ಹೆಸರಿಗೂ ಹೊಂದಿಕೆ ಇಲ್ಲ ಅಂತ ಶೆಲ್ ಪ್ರತಿ ಸಲ ಬೈಯುತ್ತಿತ್ತು. ಎರಡೂ ಅಕ್ಷರಶಃ ಒಂದೇ ಇರಬೇಕು. ನಕಲನ್ನು ಬೇರೆ ಕಡೆಗೆ ಸಾಗಿಸಿದೆ, ಆ ಸಾಲು ನಿಂತಿತು. ನಿಜವಾದ ದೂರು ಅದರ ಕೆಳಗಿತ್ತು: ಎಕ್ಸ್‌ಟೆನ್ಶನ್ ಡಾಟ್ ಜೆಎಸ್ ಫೈಲಿನ ಮೇಲ್ಗಡೆಯ, ಬೇರೆ ಕಡೆಯ ಕೋಡ್ ತರಿಸಿಕೊಳ್ಳುವ ಇಂಪೋರ್ಟ್ ಸಾಲುಗಳಲ್ಲೇ ಕೆಲಸ ನಿಂತಿದೆ.

ಇದು ನಮ್ಮ ಒಂದರ ಕಥೆಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಗ್ನೋಮ್ 45 ಬಂದಾಗ ಎಕ್ಸ್‌ಟೆನ್ಶನ್‌ಗಳು ಶೆಲ್‌ನ ಒಳಗಿನ ಸಾಮಾನು ತರಿಸಿಕೊಳ್ಳುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಗ್ನೋಮ್‌ನದ್ದೇ ಆದ ಒಂದು ಹಳೆಯ ಪದ್ಧತಿ ಇತ್ತು. 45ರಿಂದ ಜಾವಾಸ್ಕ್ರಿಪ್ಟ್‌ನ ಸರ್ವಸಾಮಾನ್ಯ ಇಎಸ್ ಮಾಡ್ಯೂಲ್ ಪದ್ಧತಿ. 44ರವರೆಗಿನ ಎಕ್ಸ್‌ಟೆನ್ಶನ್ 45ರಲ್ಲಿ ನಡೆಯೋದಿಲ್ಲ, 45ರದ್ದು 44ರಲ್ಲಿ ನಡೆಯೋದಿಲ್ಲ. ಒಂದೇ ಫೈಲ್ ಎರಡೂ ಕಡೆಗೆ ಆಗುವ ಹಾಗೆ ಬರೆಯಲು ಬರೋದಿಲ್ಲ. 42ರಿಂದ 46ಕ್ಕೆ ಹಾರಿದ ಉಬುಂಟು ಬಳಕೆದಾರರು ಈ ಗೋಡೆಗೆ ಬಂದು ನಿಲ್ಲುವುದೇ ಸೈ. ಅದಕ್ಕೇ ಮೆಟಾಡೇಟಾದಲ್ಲಿ ಬರೀ ಸಂಖ್ಯೆ ಸೇರಿಸಿ ಅನ್ನುವ ಸಲಹೆ ಕೇಳಿದಾಗ ನನಗೆ ಈಗ ಬೇಸರ ಆಗುತ್ತದೆ. 45ರಿಂದ 46ಕ್ಕೆ ಹೋಗುವಾಗ ಕೆಲವೊಮ್ಮೆ ಅದು ಫಲಿಸಬಹುದು. 42ರಿಂದ ಬಂದವರಿಗೆ ಅದು ದಾರಿಯಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಫೋನ್. ಅವನಿಗೆ ಆ ದಿನ ಕಂಪ್ಯೂಟರ್ ಹತ್ತಿರ ಇರಲಿಲ್ಲ, ಎಲ್ಲ ಬಾಯಲ್ಲೇ. ಅವನು ಹೇಳೋದು, ನಾನು ತಿದ್ದೋದು. ಮೇಲಿನ ಎಂಟು ಸಾಲು ಬದಲಾದವು. ಎಸ್‌ಟಿ ಅನ್ನುವ ಭಾಗವನ್ನು ಈಗ 'ಜಿಐ ಕೋಲನ್ ಎರಡು ಸ್ಲ್ಯಾಶ್ ಎಸ್‌ಟಿ' ಅನ್ನುವ ವಿಳಾಸದಿಂದ ತರಿಸಬೇಕು. ಮೇನ್ ಅನ್ನೋದನ್ನು 'ರಿಸೋರ್ಸ್ ಕೋಲನ್ ಮೂರು ಸ್ಲ್ಯಾಶ್' ಅಂತ ಶುರುವಾಗುವ ಉದ್ದ ವಿಳಾಸದಿಂದ, ಅದೂ 'ಸ್ಟಾರ್ ಆ್ಯಸ್ ಮೇನ್' ಅಂತ. ನಾನು ಸ್ಟಾರ್ ಬಿಟ್ಟೆ. ಡಿಫಾಲ್ಟ್ ಅನ್ನುವ ಎಕ್ಸ್‌ಪೋರ್ಟ್ ಅಲ್ಲಿಲ್ಲ ಅಂತ ಲಾಗ್ ಹೇಳಿತು. ಸ್ಟಾರ್ ಹಾಕಿದೆ, ಮುಂದಕ್ಕೆ ಹೋಯಿತು. ಇನಿಟ್ ಅನ್ನುವ ಫಂಕ್ಷನ್ ಹೋಗಿ, ಎಕ್ಸ್‌ಟೆನ್ಶನ್ ಅನ್ನುವ ಕ್ಲಾಸಿನಿಂದ ಹುಟ್ಟುವ ನಮ್ಮದೇ ಕ್ಲಾಸ್ ಬಂತು. ಸೆಟ್ಟಿಂಗ್ ಓದುವ ಸಾಲು 'ದಿಸ್ ಡಾಟ್ ಗೆಟ್ ಸೆಟ್ಟಿಂಗ್ಸ್' ಅಂತ ಚಿಕ್ಕದಾಯಿತು.

ಬಣ್ಣ ಆರಿಸುವ ಪುಟಕ್ಕೆ ಬೇರೆ ಫೈಲ್ ಇದೆ, ಪ್ರೆಫ್ಸ್ ಡಾಟ್ ಜೆಎಸ್. ಅದರಲ್ಲಿ ಸಿಕ್ಕಿದ್ದು ನಾನು ಇನ್ನೂ ಮರೆಯದ ತಪ್ಪು. ಎಕ್ಸ್‌ಟೆನ್ಶನ್ ಫೈಲಿನ ವಿಳಾಸದಲ್ಲಿ 'ಶೆಲ್' ಅನ್ನುವ ಪದದ ಎಸ್ ಚಿಕ್ಕಕ್ಷರ. ಪ್ರೆಫ್ಸ್ ಫೈಲಿನ ವಿಳಾಸದಲ್ಲಿ ಅದೇ 'ಶೆಲ್' ಪದದ ಎಸ್ ದೊಡ್ಡಕ್ಷರ. ಅವನು ಫೋನಿನಲ್ಲಿ 'ಶೆಲ್' ಅಂದ, ನಾನು ಚಿಕ್ಕದನ್ನೇ ಹಾಕಿದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಬಾಯಿಂದ ಹೇಳುವಾಗ ಆ ವ್ಯತ್ಯಾಸ ಕೇಳಿಸೋದೂ ಇಲ್ಲ. ಆ ಪುಟ ತೆರೆಯದೆ ಇಪ್ಪತ್ತು ನಿಮಿಷ ಹೋಯಿತು. ಈಗ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಿಂದ 'ಎಸ್ ದೊಡ್ಡದು' ಅಂತ ಬರೆದಿದ್ದೇನೆ.

ಇಂಪೋರ್ಟ್ ಎಲ್ಲ ದಾಟಿದ ಮೇಲೆ ಹೊಸ ದೂರು: 'ಆ್ಯಡ್ ಅಂಡರ್‌ಸ್ಕೋರ್ ಆ್ಯಕ್ಟರ್ ಈಸ್ ನಾಟ್ ಎ ಫಂಕ್ಷನ್'. ನಮ್ಮ 'ಕ' ಅಕ್ಷರವನ್ನು ಪಟ್ಟಿಯ ಮೇಲೆ ಕೂರಿಸುವ ಸಾಲು ಅದು. ಅದು ಗ್ನೋಮ್ 46ರಲ್ಲಿ ಹೋಗಿದೆ, ಬದಲಿಗೆ 'ಆ್ಯಡ್ ಅಂಡರ್‌ಸ್ಕೋರ್ ಚೈಲ್ಡ್' ಅಂತ ಬರೆಯಬೇಕು. ಕೇವಲ ಒಂದು ಪದ. ತೆಗೆಯುವ ಕಡೆಯಲ್ಲೂ ಹಾಗೆಯೇ, 'ರಿಮೂವ್ ಆ್ಯಕ್ಟರ್' ಇದ್ದಲ್ಲಿ 'ರಿಮೂವ್ ಚೈಲ್ಡ್'. ಇದನ್ನು ನಾನೇ ಹುಡುಕಿ ತಿದ್ದಿದೆ, ಆಗ ಅವನು ಲೈನಿನಲ್ಲಿ ಇರಲಿಲ್ಲ.

ಕೊನೆಯದಾಗಿ ಸ್ಕೀಮಾ. ಪಟ್ಟಿಗೆ ಯಾವ ಬಣ್ಣ ಅಂತ ನೆನಪಿಡಲು ಸ್ಕೀಮಾಸ್ ಅಂತ ಒಂದು ಒಳಫೋಲ್ಡರ್ ಇದೆ. ಅದರಲ್ಲಿ ನಾವು ಓದುವಂಥ ಒಂದು ಫೈಲ್, ಅದರಿಂದ ಯಂತ್ರಕ್ಕೆ ಅಂತ ಕಂಪೈಲ್ ಮಾಡಿದ ಇನ್ನೊಂದು ಫೈಲ್. ಹಳೆಯ ಜಿಪ್‌ನಿಂದ ಬಿಡಿಸಿ ಹಾಕುವಾಗ ಎರಡನೆಯದು ಬಂದಿರಲಿಲ್ಲ. ಎಕ್ಸ್‌ಟೆನ್ಶನ್ ಮ್ಯಾನೇಜರ್‌ನಿಂದ ಹಾಕಿದರೆ ಇದು ತಾನಾಗಿ ಆಗುತ್ತದೆ, ಫೋಲ್ಡರನ್ನು ಕೈಯಾರೆ ತಂದು ಇಟ್ಟರೆ ಆಗೋದಿಲ್ಲ. ಕಂಪೈಲ್ ಮಾಡಲು ಬೇರೆ ಆಜ್ಞೆ ಇದೆ, ಆದರೆ ತಮ್ಮ ಅದಕ್ಕಿಂತ ಸುಲಭದ್ದು ಹೇಳಿದ. ಫೋಲ್ಡರ್ ಒಳಗೆ ನಿಂತು 'ಗ್ನೋಮ್ ಹೈಫನ್ ಎಕ್ಸ್‌ಟೆನ್ಶನ್ಸ್ ಪ್ಯಾಕ್' ಅನ್ನು, ಒಂದು ಜಿಪ್ ಆಗುತ್ತದೆ. ಆ ಜಿಪ್‌ಗೆ 'ಗ್ನೋಮ್ ಹೈಫನ್ ಎಕ್ಸ್‌ಟೆನ್ಶನ್ಸ್ ಇನ್‌ಸ್ಟಾಲ್, ಎರಡು ಹೈಫನ್ ಫೋರ್ಸ್' ಅನ್ನು. ಸ್ಕೀಮಾ ಕೆಲಸ ಅದೇ ನೋಡಿಕೊಳ್ಳುತ್ತದೆ.

ಪುಟ್ಟ ಕಿಟಕಿಯ ಡೆಸ್ಕ್‌ಟಾಪ್‌ನಲ್ಲಿ 'ಸ್ಟೇಟ್: ಆ್ಯಕ್ಟಿವ್' ಕಂಡಾಗ ಮಧ್ಯಾಹ್ನ ಒಂದೂವರೆ. ಲಾಗೌಟ್ ಆಗಿ ಬಂದು ಸೂಪರ್ ಮತ್ತು ಸ್ಪೇಸ್ ಒತ್ತಿದೆ. ಪಟ್ಟಿ ಕೆಂಪಾಯಿತು, 'ಕ' ಬಂತು. ಇನ್ನೊಮ್ಮೆ ಒತ್ತಿದೆ, ಕಪ್ಪು. ಸುಮ್ನೆ ಹತ್ತು ಸಲ ಒತ್ತಿ ನೋಡಿದೆ.

ಸಂಜೆ ಒಂದು ಸಣ್ಣ ಗಾಬರಿ ಆಯಿತು. ಪರದೆ ಲಾಕ್ ಆದಾಗ ಕೆಂಪು ಇಲ್ಲ. ಪಾಸ್‌ವರ್ಡ್ ಹಾಕುವ ಜಾಗದಲ್ಲೇ ಅದು ಜಾಸ್ತಿ ಬೇಕಾಗೋದು, ಅಲ್ವಾ. ಆದರೆ ಇದು ಕೆಟ್ಟದ್ದಲ್ಲ. ಲಾಕ್ ಆದಾಗ ಶೆಲ್ ಎಕ್ಸ್‌ಟೆನ್ಶನ್‌ಗಳನ್ನು ಬೇಕೆಂದೇ ಆಫ್ ಮಾಡಿ, ತೆರೆದಾಗ ಮತ್ತೆ ಆನ್ ಮಾಡುತ್ತದೆ. ಅಲ್ಲಿಯೂ ನಡೆಯಬೇಕಾದರೆ ಮೆಟಾಡೇಟಾದಲ್ಲಿ 'ಸೆಶನ್ ಹೈಫನ್ ಮೋಡ್ಸ್' ಅಂತ ಒಂದು ಸಾಲು ಬರೆದು 'ಯೂಸರ್' ಜೊತೆಗೆ 'ಅನ್‌ಲಾಕ್ ಹೈಫನ್ ಡೈಲಾಗ್' ಅಂತಲೂ ಸೇರಿಸಬೇಕು. ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಎಕ್ಸ್‌ಟೆನ್ಶನ್ ನಡೆಸೋದನ್ನು ಹಗುರವಾಗಿ ಮಾಡಬಾರದು ಅಂತ ತಮ್ಮ ಅಂದ, ನನಗೂ ಸರಿ ಅನ್ನಿಸಿತು. ಅಲ್ಲಿ ಪಾಸ್‌ವರ್ಡ್ ಹಾಕುವ ಮುನ್ನ ಈಗ ಆ ಪುಟ್ಟ ಗುರುತನ್ನೇ ಬಗ್ಗಿ ನೋಡುತ್ತೇನೆ.

ಅಪ್‌ಗ್ರೇಡ್ ಮಾಡುವ ಮುನ್ನವೇ ನೋಡಿಕೊಳ್ಳಬೇಕು ಅನ್ನುವವರಿಗೆ, ಎಕ್ಸ್‌ಟೆನ್ಶನ್ ಮ್ಯಾನೇಜರ್‌ನ ಹೊಸ ಆವೃತ್ತಿಯಲ್ಲಿ ಅಪ್‌ಗ್ರೇಡ್ ಅಸಿಸ್ಟೆಂಟ್ ಅಂತ ಒಂದು ಸೌಲಭ್ಯ ಇದೆ. ಹೋಗಲಿರುವ ಗ್ನೋಮ್ ಸಂಖ್ಯೆ ಕೊಟ್ಟರೆ ನಿಮ್ಮ ಎಕ್ಸ್‌ಟೆನ್ಶನ್‌ಗಳಲ್ಲಿ ಯಾವುದು ಅಲ್ಲಿ ನಡೆಯುತ್ತದೆ, ಯಾವುದು ಇಲ್ಲ ಅಂತ ತೋರಿಸುತ್ತದೆ. ಮನೆಯಲ್ಲೇ ಬರೆದ ನಮ್ಮಂಥದ್ದು ತಾಣದಲ್ಲಿ ಇರೋದಿಲ್ಲವಾದ್ದರಿಂದ ಅದರ ಬಗ್ಗೆ ಏನೂ ತಿಳಿಯೋದಿಲ್ಲ.

ಕಿಟಕಿ ಹೊಂದಿಸುವ ಆ ಇನ್ನೊಂದು ಎಕ್ಸ್‌ಟೆನ್ಶನ್ ಇನ್ನೂ 'ಔಟ್ ಆಫ್ ಡೇಟ್' ಅಂತಲೇ ಇದೆ. ಅದರ ಮೆಟಾಡೇಟಾಗೆ ನಾನು ಕೈ ಹಾಕಿಲ್ಲ. ಬರೆದವರಿಗೆ ಒಂದು ಪತ್ರ ಹಾಕಿದ್ದೇನೆ, ಉಬುಂಟು 24.04, ಗ್ನೋಮ್ 46, ವೇಲ್ಯಾಂಡ್, ಜೊತೆಗೆ ಇನ್‌ಫೋ ಕೊಟ್ಟ ಸಾಲುಗಳು. ಅಲ್ಲಿಯವರೆಗೆ ಸೂಪರ್ ಕೀ ಜೊತೆ ಎಡ ಬಲ ಬಾಣ ಒತ್ತಿ ಕಿಟಕಿಗಳನ್ನು ಅರ್ಧ ಅರ್ಧ ನಿಲ್ಲಿಸಿಕೊಳ್ಳುತ್ತಿದ್ದೇನೆ. ಎಡಕ್ಕೆ ಮೂಲ ಪ್ರತಿ, ಬಲಕ್ಕೆ ಕರಡು.